ನಂದಿ ಬೆಟ್ಟದ ಕೆಂಪು ವೈನಿನ ನಂತರ ಯಾವುದು?

ಭಾವ, ನಮಸ್ಕಾರ. ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಲಾಗದು, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ-ಶಿರಾಜ್ ಬಿಟ್ಟರೆ ಬೇರೆ ವೈನನ್ನು ನೀವು ಮನೆಗೆ ತಂದವರಲ್ಲ. ಯಾರದೋ ಮದುವೆಯ ಔತಣದಲ್ಲಿ ಕೊಟ್ಟ ಬಿಳಿ ಸೋವಿನ್ಯೋನ್ ಬ್ಲಾಂಕ್ ಬರೀ ಹುಳಿ ಎಂದು ಅರ್ಧಕ್ಕೇ ಬಿಟ್ಟಿರಿ. ಈಗ ನಿಮ್ಮ ಮಗಳು ಪೂರ್ವಿ ಲಂಡನ್ನಿನಿಂದ ಬರುವಾಗ ಎರಡು ಬಾಟಲಿ ತರುತ್ತೇನೆ ಎಂದಿದ್ದಾಳೆ, ಯಾವುದನ್ನು ಹೇಳಲಿ ಎಂದು ಕೇಳಿದ್ದೀರಿ.

ಅವಳಿಗೆ ಹೇಳುವ ಮೊದಲು ನೀವೊಂದು ಕೆಲಸ ಮಾಡಬೇಕು. ನೀವು ಕುಡಿಯುತ್ತಿರುವುದು ಎರಡು ದ್ರಾಕ್ಷಿಗಳ ಮಿಶ್ರಣ. ಆ ಎರಡರಲ್ಲಿ ನಿಮಗೆ ಹಿಡಿಸಿರುವುದು ಯಾವುದೆಂದು ಗೊತ್ತಾಗದೆ ಮುಂದಿನದನ್ನು ಆರಿಸಲು ಹೋದರೆ ಮತ್ತೆ ಆ ಮದುವೆಯ ಗ್ಲಾಸಿನ ಗತಿಯೇ ಆಗುತ್ತದೆ. ಬರೀ ಕ್ಯಾಬರ್ನೆ ಸೋವಿನ್ಯೋನಿನದು ಒಂದು, ಬರೀ ಶಿರಾಜಿನದು ಒಂದು, ಎರಡೂ ಬೆಂಗಳೂರಿನಲ್ಲೇ ಸಿಗುತ್ತವೆ. ಅಕ್ಕಪಕ್ಕ ಇಟ್ಟುಕೊಂಡು ಒಂದೇ ಸಂಜೆ ರುಚಿ ನೋಡಿ. ಕ್ಯಾಬರ್ನೆಯಲ್ಲಿ ಎಳೆ ಬಾಳೆಕಾಯಿ ಕಚ್ಚಿದಂತೆ ಬಾಯಿ ಹಿಡಿಯುವ ಒಗರು ಇರುತ್ತದೆ, ಎಷ್ಟೋ ಸಲ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆಯೂ ಬರುತ್ತದೆ. ಆ ದ್ರಾಕ್ಷಿಯಲ್ಲೂ ದೊಣ್ಣೆಮೆಣಸಿನಕಾಯಿಯಲ್ಲೂ ಇರುವುದು ಪೈರಜೀನ್ ಎಂಬ ಒಂದೇ ಬಗೆಯ ರಾಸಾಯನಿಕ. ಶಿರಾಜಿನಲ್ಲಿ ಕಾಳುಮೆಣಸಿನ ಘಮ ಬಂದರೆ ಅದು ನಿಮ್ಮ ಕಲ್ಪನೆಯಲ್ಲ. ರೊಟಂಡೋನ್ ಎಂಬ ವಸ್ತು ಮೆಣಸಿನಲ್ಲೂ ಆ ದ್ರಾಕ್ಷಿಯಲ್ಲೂ ಇರುವುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಗುರುತಿಸಿದರು.

ಮೆಣಸಿನ ಘಮವೇ ಹಿಡಿಸಿತು ಎನ್ನಿ, ಫ್ರಾನ್ಸಿನ ರೋನ್ ಕಣಿವೆಯ ಉತ್ತರ ಭಾಗದ ಕ್ರೋಜ್ ಎರ್ಮಿತಾಜ್ ಎಂಬ ವೈನ್ ತರಿಸಿ. ದ್ರಾಕ್ಷಿ ಅದೇ, ಅಲ್ಲಿ ಅದನ್ನು ಸಿರಾ ಎನ್ನುತ್ತಾರೆ; ತಂಪು ಸೀಮೆಯಲ್ಲಿ ಆ ಘಮ ಇನ್ನೂ ಎದ್ದು ಕಾಣುತ್ತದೆ. ಕ್ಯಾಬರ್ನೆಯ ಕಡೆಗೆ ಮನಸ್ಸು ವಾಲಿದರೆ ಫ್ರಾನ್ಸಿನದೇ ಲ್ವಾರ್ ಕಣಿವೆಯ ಶಿನೋನ್ ಎಂಬ ವೈನ್ ಒಳ್ಳೆಯದು. ಅದನ್ನು ಕ್ಯಾಬರ್ನೆ ಫ್ರಾಂಕ್ ಎಂಬ ದ್ರಾಕ್ಷಿಯಿಂದ ಮಾಡುತ್ತಾರೆ, ಒಗರು ಸ್ವಲ್ಪ ಮೃದು. ನಿಮ್ಮ ಕ್ಯಾಬರ್ನೆ ಸೋವಿನ್ಯೋನ್ ಹುಟ್ಟಿದ್ದು ಈ ಫ್ರಾಂಕ್ ಮತ್ತು ಸೋವಿನ್ಯೋನ್ ಬ್ಲಾಂಕ್ ಕೂಡಿ ಎಂಬುದು 1997ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಗಿದೆ. ಅಂದರೆ ನೀವು ಅಂದು ಅರ್ಧಕ್ಕೆ ಬಿಟ್ಟೆದ್ದದ್ದು ನಿಮ್ಮ ಮೆಚ್ಚಿನ ವೈನಿನ ಹೆತ್ತವರಲ್ಲಿ ಒಬ್ಬರನ್ನೇ. ಇವೆರಡೂ ಅಲ್ಲ, ಮರದ ಪೀಪಾಯಿಯಿಂದ ಬರುವ ವೆನಿಲಾ ಪರಿಮಳವೇ ನಿಮಗಿಷ್ಟ ಎನಿಸಿದರೆ ಸ್ಪೇನಿನ ರಿಯೋಹ ಇದೆ, ಕ್ರಿಯಾಂಜಾ ಎಂದು ಬರೆದಿರುವುದನ್ನು ನೋಡಿ ತರಲಿ. ಅದು ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ ಇದ್ದಿರಲೇಬೇಕು.

ಎರಡನೆಯ ಬಾಟಲಿ ಬಿಳಿಯದೇ ಆಗಲಿ ಎಂಬುದು ನನ್ನ ಹಟ. ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ಕಾಬಿನೆಟ್ ಎಂಬ ಹಗುರ ಬಿಳಿ ವೈನಿನಲ್ಲೂ ಹುಳಿ ಚುರುಕಾಗಿಯೇ ಇರುತ್ತದೆ, ಆದರೆ ಅದರಲ್ಲಿ ಉಳಿಸಿಕೊಂಡ ದ್ರಾಕ್ಷಿಯ ಸಿಹಿ ಅದನ್ನು ತಡೆದು ಹಿಡಿಯುತ್ತದೆ, ಆಲ್ಕೋಹಾಲ್ ಹೆಚ್ಚಾಗಿ ಶೇಕಡಾ 8ರಿಂದ 9ರಷ್ಟೇ. ಬಾಟಲಿಯ ಮೇಲೆ ಟ್ರೋಕನ್ ಎಂದಿದ್ದರೆ ಬೇಡ, ಅದರಲ್ಲಿ ಸಿಹಿ ಅಷ್ಟಾಗಿ ಉಳಿದಿರುವುದಿಲ್ಲ. ಅಕ್ಕನ ಕೋಳಿಸಾರಿನ ಜೊತೆ ಕೆಂಪು ವೈನಿನ ಒಗರೂ ಆಲ್ಕೋಹಾಲೂ ಸೇರಿ ಖಾರವನ್ನು ಹೆಚ್ಚಿಸುತ್ತವೆ. ಅಲ್ಲಿ ಈ ರೀಸ್ಲಿಂಗನ್ನು ಕುಡಿದು ನೋಡಿ, ಆಮೇಲೆ ಬಿಳಿ ವೈನಿನ ಬಗ್ಗೆ ಮಾತಾಡೋಣ.

ಕೆಂಪನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುವ ಮಾತು ಚಳಿ ದೇಶದ್ದು. ನಮ್ಮಲ್ಲಿ ಮಾರ್ಚಿನ ನಂತರ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಯ ಆಸುಪಾಸಿಗೆ ತಂದರೆ ಸರಿ.

ಹೊರದೇಶದಿಂದ ಬರುವ ಒಬ್ಬರಿಗೆ ಮದ್ಯವನ್ನು ಸುಂಕವಿಲ್ಲದೆ ತರಲು ಎರಡು ಲೀಟರ್ ಮಿತಿ ಇದೆ, 750 ಮಿಲಿಲೀಟರಿನ ಎರಡು ಬಾಟಲಿಗೆ ತೊಂದರೆಯಿಲ್ಲ. ಅಳಿಯಂದಿರೂ ಜೊತೆಯಲ್ಲಿ ಬರುವುದಾದರೆ ಅವರ ಪಾಲೂ ಇರುತ್ತದೆ, ಆಗ ಕ್ರೋಜ್ ಎರ್ಮಿತಾಜ್, ಶಿನೋನ್ ಎರಡನ್ನೂ ಹೇಳಿಬಿಡಿ.