ಮಣಿ, ಚಿನ್ನಿಗೆ ಹೇಳು, ಸುಮ್ನಿರೋ ನೀರಿಗೆ ಇಳೀಬಾರ್ದು ಅಂತ

ಮಣಿ, ನಿನ್ ಮೆಸೇಜ್ ಈಗ್ ನೋಡ್ದೆ ಕಣೆ. ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗತ್ತೆ, ವಾಯ್ಸಲ್ಲೇ ಹೇಳ್ಬಿಡ್ತೀನಿ, ಎಲ್ರೂ ಕೇಳ್ಕೊಳಿ. ಚಿನ್ನಿ, ಅಳಿಯಂದ್ರು ಇಬ್ರೂ ಯುಗಾದಿ ಆದ್ಮೇಲೆ ಬೆನ್ನಿಗೆ ಬ್ಯಾಗ್ ಏರಿಸ್ಕೊಂಡು ಕಾರವಾರದಿಂದ ಕನ್ಯಾಕುಮಾರಿ ತನಕ ಸಮುದ್ರದ ಪಕ್ಕದಲ್ಲೇ ಮೂರು ತಿಂಗ್ಳು ಹೋಗ್ತಾರಂತೆ, ಸ್ವಲ್ಪ ನಡ್ಕೊಂಡು ಸ್ವಲ್ಪ ಬಸ್ಸಲ್ಲಿ, ಅಕ್ಕ ನಂಗೆ ನಿದ್ದೇನೇ ಬರ್ತಿಲ್ಲ ಅಂತ ಬರ್ದಿದೀಯ. ನೋಡು, ಕಳ್ಳರು, ರೂಮು, ಊಟ, ಅದೆಲ್ಲ ಅವರು ನೋಡ್ಕೋತಾರೆ, ಚಿನ್ನಿ ನಮ್ಮಮ್ಮನ ಥರ, ಆಟೋದವ್ರ ಹತ್ರಾನೇ ಐದು ರೂಪಾಯಿ ಬಿಡಲ್ಲ. ನಂಗೆ ಭಯ ಇರೋದು ನೀರಿಂದು. ಅದೂ ಅಲೆ ಇರೋ ನೀರಲ್ಲ, ಸುಮ್ನಿರೋ ನೀರು.

ಮರವಂತೆದು ನಿಮಗೆಲ್ಲ ಗೊತ್ತೇ ಇದೆ, ಆದ್ರೂ ಹೇಳ್ತೀನಿ. ಆಗಿನ್ನೂ ಆ ರೋಡಿಗೆ ಎನ್‌ಎಚ್ 17 ಅಂತಿದ್ರು, ಈಗ 66 ಮಾಡಿದಾರೆ. ನಾವೆಲ್ಲ ಮೆಟಡೋರ್ ಮಾಡ್ಕೊಂಡು ಉಡುಪಿ ಮುಗಿಸಿ ಕೊಲ್ಲೂರಿಗೆ ಹೊರಟಿದ್ವಿ. ಒಂದ್ಕಡೆ ಸೌಪರ್ಣಿಕಾ ನದಿ, ಇನ್ನೊಂದ್ಕಡೆ ಸಮುದ್ರ, ಮಧ್ಯ ರೋಡು, ಡ್ರೈವರ್ ಐದೇ ನಿಮಿಷ ಅಂತ ನಿಲ್ಲಿಸ್ದ. ನಮ್ಮ ಮೈದುನ ಪ್ಯಾಂಟ್ ಮಡಚ್ಕೊಂಡು ಇಳ್ದೇ ಬಿಟ್ರು. ಎರಡೂ ಪಕ್ಕ ಅಲೆ ದಬದಬ ಅಂತ ಬಿಳೀ ನೊರೆ, ನಡುವೆ ಒಂದು ಓಣಿ ಅಗಲದಷ್ಟು ಜಾಗದಲ್ಲಿ ಅಲೆಯೇ ಇಲ್ಲ, ನೀರು ಸ್ವಲ್ಪ ಕಪ್ಪಗೆ, ನಮ್ಮ ಸ್ಯಾಂಕಿ ಕೆರೆ ಥರ ತಣ್ಣಗೆ. ಅತ್ತಿಗೆ ಇಲ್ ನೋಡಿ ಇಲ್ಲಿ ಸೇಫು ಅಂತ ಕೂಗಿದ್ರು. ಮೊಣಕಾಲು ಇತ್ತು, ಸೊಂಟ ಆಯ್ತು, ಕಣ್ಮುಚ್ಚಿ ಬಿಡೋದ್ರೊಳಗೆ ತಲೆ ಮಾತ್ರ ಕಾಣ್ತಿತ್ತು, ಅದೂ ಅಷ್ಟು ದೂರದಲ್ಲಿ.

ಯಾಕೆ ಅಂದ್ರೆ ಕೇಳು. ಅಲೆ ತಂದು ಹಾಕಿದ್ ನೀರು ವಾಪಸ್ ಹೋಗ್ಬೇಕಲ್ಲ, ಅದು ಮರಳು ಆಳ ಇರೋ ಕಡೆ ಒಂದು ದಾರಿ ಮಾಡ್ಕೊಂಡು ಒಳಗೆ ಎಳ್ಕೊಂಡ್ ಹೋಗತ್ತೆ. ಅಲ್ಲಿ ಆಳ ಇರೋದ್ರಿಂದಾನೇ ಅಲೆ ಒಡೆಯಲ್ಲ, ಒಡೆಯಲ್ಲ ಅಂತ ನಾವು ಶಾಂತ ಅಂದ್ಕೋತೀವಿ. ಮೈದುನಂಗೆ ಈಜು ಬರ್ತಿತ್ತು ಕಣೆ, ಬಸವನಗುಡಿ ಈಜುಕೊಳದಲ್ಲಿ ಕಲ್ತಿದ್ದು, ಆದ್ರೆ ದಡದ ಕಡೆಗೇ ಈಜಿ ಈಜಿ ಕೈ ಸೋತೋಯ್ತು. ಬಲೆ ಸರಿ ಮಾಡ್ತಾ ಕೂತಿದ್ದ ಒಬ್ರು ಎದ್ದು ಓಡಿ ಬಂದು ಅಡ್ಡಕ್ಕೆ ಈಜಿ ಮಾರಾಯ್ರೇ, ದಡಕ್ಕಲ್ಲ, ಅಡ್ಡಕ್ಕೆ ಅಂತ ಕೂಗ್ತಾನೇ ಇದ್ರು, ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆದ್ರು. ಅಡ್ಡ ಹೋದ್ಮೇಲೇನೇ ಅಲೆ ಸಿಕ್ಕಿದ್ದು, ಆ ಅಲೆಯೇ ಅವರನ್ನ ದಡಕ್ಕೆ ತಂದ್ ಹಾಕ್ತು. ಅದಕ್ಕೇ ಹೇಳ್ತಿರೋದು, ಚಿನ್ನಿಗೆ ಹೇಳು, ಸುಮ್ನಿರೋ ನೀರಿಗೆ ಇಳೀಬಾರ್ದು. ಎಳ್ಕೊಂಡ್ರೆ ದಡಕ್ಕೆ ಗುದ್ದಾಡಬಾರ್ದು, ದಡದ ಉದ್ದಕ್ಕೂ ಪಕ್ಕಕ್ಕೆ ಹೋಗ್ಬೇಕು, ಆಗ್ಲಿಲ್ವಾ, ತೇಲ್ಕೊಂಡು ಕೈ ಎತ್ತಿ ಕೂಗ್ಬೇಕು.

ಅವರನ್ನ ದಡಕ್ಕೆ ತಂದಾಗ ಗಡಗಡ ನಡುಗ್ತಿದ್ರು, ಬಟ್ಟೆ ಎಲ್ಲ ಗಾಡಿ ಮೇಲೆ ಕಟ್ಟಿದ್ದು, ಕೈಗೆ ಸಿಕ್ಕಿದ್ದು ನನ್ ಬ್ಯಾಗು. ಕೊಲ್ಲೂರಮ್ಮನ ದರ್ಶನಕ್ಕೆ ಉಡೋಣ ಅಂತ ಮಡಿಕೆ ಬಿಚ್ಚದೆ ಇಟ್ಟಿದ್ದ ಮೈಸೂರ್ ಸಿಲ್ಕು, ಎಲೆಹಸಿರು, ಸಣ್ಣ ಅಂಚು, ಅದನ್ನೇ ತೆಗ್ದು ಸುತ್ತಿದೆ. ಉಪ್ಪುನೀರು, ಮರಳು, ಜರಿ ಎಲ್ಲ ಕಪ್ಪಾಗೋಯ್ತು. ಜೀವಕ್ಕಿಂತ ಸೀರೆ ದೊಡ್ಡದಾ, ಅಲ್ಲ ಬಿಡು. ಆದ್ರೆ ಒಂದು ಮಾತು ಆಡ್ಬೇಕೋ ಬೇಡ್ವೋ? ಓರಗಿತ್ತಿ ಆವತ್ತಿಂದ ಇವತ್ತಿನ ತನಕ ಆ ಸೀರೆ ಸುದ್ದಿ ಎತ್ತಿಲ್ಲ. ಅವರ ಗೃಹಪ್ರವೇಶದಲ್ಲಿ ಬೀಗರ ಕಡೆಯವರಿಗೆಲ್ಲ ರೇಷ್ಮೆ, ನಂಗೆ ಎಲೆ ಅಡಿಕೆ, ಒಂದು ಬ್ಲೌಸ್ ಪೀಸು! ಅದೂ ಎಲ್ಲಿಂದಲೋ ಬಂದಿದ್ದನ್ನ ದಾಟಿಸಿದ್ದು, ಮೂಲೇಲಿ ಅರಿಶಿನದ ಕಲೆ ಹಾಗೇ ಇತ್ತು. ಮೇಲಿಂದ ಮೈದುನ ಎಲ್ರ ಮುಂದೆ ನಾನೇ ಈಜಿ ಬಂದೆ ಅಂತ ಕತೆ ಹೇಳ್ತಾರೆ, ಆ ಬಲೆಯವರ ಹೆಸರೂ ನಾವು ಕೇಳ್ಲಿಲ್ಲ. ಮೈದುನಾನೂ ಈ ಗ್ರೂಪಲ್ಲೇ ಇದಾರೆ, ಕೇಳಿಸ್ಕೊಳ್ಳಿ, ನಂಗೇನು.

ಕಟ್ ಆಯ್ತು, ಬೆರಳು ಜಾರ್ತು. ಸೊಪ್ಪಿನವನು ಬಂದಿದ್ದ, ದಂಟು ಒಂದ್ ಕಟ್ಟು ಮೂವತ್ತು ಅಂತಾನೆ.

ಏನ್ ಹೇಳ್ತಿದ್ದೆ? ಹಾಂ, ಮುಖ್ಯದ್ದೇ ಬಿಟ್ಟೆ ನೋಡು. ಯುಗಾದಿಗೆ ಹೊರಟ್ರೆ ಮೂರು ತಿಂಗಳು ಅಂದ್ರೆ ಜೂನ್ ಆಯ್ತಲ್ಲ! ಕೇರಳಕ್ಕೆ ಮುಂಗಾರು ಬರೋದು ಸಾಮಾನ್ಯವಾಗಿ ಜೂನ್ 1ರ ಹೊತ್ತಿಗೆ, ಇವರು ಸರಿಯಾಗಿ ಅದರ ಬಾಯಿಗೇ ನಡ್ಕೊಂಡು ಹೋಗ್ತಾರೆ. ಉಲ್ಟಾ ಕನ್ಯಾಕುಮಾರಿಯಿಂದ ಶುರು ಮಾಡ್ತೀವಿ ಅಂತಾರೆ ನೋಡು, ಅದರಿಂದ್ಲೂ ಏನ್ ಲಾಭ ಇಲ್ಲ, ನಮ್ಮ ಕರಾವಳಿಗೆ ಮಳೆ ಬರೋದು ಇನ್ನೊಂದು ನಾಲ್ಕೈದು ದಿನ ತಡ ಅಷ್ಟೆ. ಜೂನ್ 1ರಿಂದ ಜುಲೈ 31ರ ತನಕ ನಮ್ಮಲ್ಲಿ ದೊಡ್ಡ ಮೀನುಗಾರಿಕೆ ಬೋಟುಗಳೇ ಇಳಿಯಂಗಿಲ್ಲ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೂ ಬೋಟ್ ಇರಲ್ಲ. ಏಪ್ರಿಲ್, ಮೇನಲ್ಲಿ ಆ ಸೆಖೇಲಿ ಬ್ಯಾಗ್ ಹೊತ್ಕೊಂಡು ನಡೆಯೋದು ಬೇರೆ, ಬೆಂಗಳೂರಿನ ಫ್ಯಾನ್ ಗಾಳೀಲಿ ಬೆಳೆದ ಮಕ್ಕಳು.

ದೀಪಾವಳಿ ಆದ್ಮೇಲೆ ಹೋಗಕ್ಕೆ ಹೇಳು. ಪಂಚಗಂಗಾ ಟ್ರೇನಲ್ಲಿ ರಾತ್ರಿ ಮಲಗಿದ್ರೆ ಬೆಳಿಗ್ಗೆ ಕಾರವಾರ, ಅಲ್ಲಿಂದ ಗೋಕರ್ಣ, ಹೊನ್ನಾವರ ಅಂತ ನಿಧಾನಕ್ಕೆ ಇಳ್ಕೊಂಡು ಹೋದ್ರೆ ಕನ್ಯಾಕುಮಾರಿ ಹೊತ್ತಿಗೆ ಅಲ್ಲಿನ ಹಿಂಗಾರು ಮಳೇನೂ ಮುಗ್ದಿರತ್ತೆ. ಸಂಕ್ರಾಂತಿ ತನಕ ಕೇರಳದ ಟ್ರೇನುಗಳಲ್ಲಿ ಅಯ್ಯಪ್ಪನ ರಶ್ಶು, ಟಿಕೆಟ್ ಮುಂಚೇನೇ ಮಾಡ್ಸಲಿ. ನಡೆಯೋವಾಗ ಗಂಗಾವಳಿ, ಅಘನಾಶಿನಿ, ಶರಾವತಿ ಒಂದೊಂದೂ ಸಮುದ್ರ ಸೇರೋ ಅಳಿವೆ ಸಿಗತ್ತೆ, ಇಳಿತದಲ್ಲಿ ಮೊಣಕಾಲು ನೀರಿದೆ ಅಂತ ಕಾಲು ಹಾಕ್ಬಾರ್ದು, ಸೇತುವೆ ಇದೆ, ದೋಣಿ ಇದೆ, ಕಾಯಲಿ. ಸ್ನಾನಕ್ಕೆ ಇಳಿಯೋದಾದ್ರೆ ಲೈಫ್‌ಗಾರ್ಡ್ ಇರೋ ಕಡೆ ಮಾತ್ರ. ಹೊನ್ನಾವರದ ಕಾಸರಕೋಡು, ಪಡುಬಿದ್ರಿ, ಎರಡಕ್ಕೂ 2020ರಲ್ಲಿ ಬ್ಲೂ ಫ್ಲಾಗ್ ಸಿಕ್ತಲ್ಲ, ಅದೇ ಸ್ವಚ್ಛ, ಸುರಕ್ಷಿತ ಬೀಚು ಅಂತ ಕೊಡೋ ಅಂತಾರಾಷ್ಟ್ರೀಯ ಗುರುತು, ಅಲ್ಲಿ ಇಳೀಲಿ, ಬೇಕಾದ್ರೆ ದಿನವಿಡೀ ನೆನೀಲಿ. ಎಲ್ಲೇ ಆದ್ರೂ ಸುಮ್ನಿರೋ ನೀರಿಗೆ ಮಾತ್ರ ಇಳೀಬಾರ್ದು. ಫೋನಲ್ಲಿ 112, ಕೋಸ್ಟ್ ಗಾರ್ಡಿನ 1554 ಎರಡೂ ಇರ್ಲಿ.

ಅಳಿಯಂದ್ರಿಗೆ ನೀನಾಗಿ ಹೇಳಕ್ ಹೋಗ್ಬೇಡ, ಅತ್ತೆ ಮಾತು ಅಂತ ಮುಖ ಸಣ್ಣ ಮಾಡ್ಕೋತಾರೆ, ಚಿನ್ನಿ ಕೈಲಿ ಹೇಳ್ಸು. ಡೇಟ್ ಮುಂದಕ್ಕೆ ಹಾಕ್ತಾರೋ ಇಲ್ವೋ ಕೇಳಿ ಇವತ್ತೇ ಇಲ್ಲಿ ತಿಳಿಸು, ಬರೀ ಕೈಮುಗಿಯೋ ಚಿತ್ರ ಕಳ್ಸಬೇಡ.