ತಾತ್ಕಾಲಿಕ ಸುಂಕ ಎಷ್ಟು ಕಾಲ ತಾತ್ಕಾಲಿಕ?

ಪ್ರಶ್ನೆ: ಆಮದು ಕಡತಗಳನ್ನು ನೋಡುವುದೇ ನನ್ನ ಕೆಲಸ. ವಿದೇಶಿ ಕಂಪನಿ ತನ್ನ ದೇಶದ ಬೆಲೆಗಿಂತ ಅಗ್ಗವಾಗಿ ತಂದು ಸುರಿಯುವ ಸರಕಿನ ಮೇಲೆ ಹೇರುವ ಆ್ಯಂಟಿ ಡಂಪಿಂಗ್ ಸುಂಕಕ್ಕೆ ಐದೇ ವರ್ಷ ಆಯುಸ್ಸು ಎನ್ನುತ್ತದೆ ನಿಯಮ. ಕೆಲವಕ್ಕೆ ಸಾವೇ ಇಲ್ಲವಲ್ಲ, ಏಕೆ?

ಉತ್ತರ 1: ಗಡುವಿಗೆ ಮುನ್ನ ದೇಶೀಯ ಉದ್ಯಮ ಮರುಪರಿಶೀಲನೆ ಕೇಳಬಹುದು. ಸುಂಕ ತೆಗೆದರೆ ಅಗ್ಗದ ಸರಕು ಮತ್ತೆ ನುಗ್ಗಿ ಹಾನಿಯಾಗುತ್ತದೆ ಎಂದು ತನಿಖೆಯಲ್ಲಿ ಕಂಡುಬಂದರೆ ಮುಂದುವರಿಕೆ. ಇಷ್ಟೇ ಬಾರಿ ಎಂಬ ಮಿತಿಯಿಲ್ಲ. ಅರ್ಜಿದಾರರಿಗೆ ಇದು ಚೆನ್ನಾಗಿ ಗೊತ್ತು!

ಉತ್ತರ 2: ಆಮದು ದಿಢೀರ್ ಏರಿ ದೇಶೀಯ ಉದ್ಯಮಕ್ಕೆ ಪೆಟ್ಟು ಬಿದ್ದಾಗ ಹೇರುವ ಸೇಫ್‌ಗಾರ್ಡ್ ಸುಂಕ ಹಾಗಲ್ಲ, ಅದಕ್ಕೆ ಗರಿಷ್ಠ ಮಿತಿಯಿದೆ. ಗಡುವಿಗೆ ಮುನ್ನವೇ ಹೋದದ್ದೂ ಉಂಟು. 2002ರ ಮಾರ್ಚ್‌ನಲ್ಲಿ ಉಕ್ಕಿನ ಮೇಲೆ ಹೇರಿದ ಇಂಥ ಸುಂಕವನ್ನು ಅಮೆರಿಕ, ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಸೋತು 2003ರ ಡಿಸೆಂಬರ್‌ನಲ್ಲಿ ಹಿಂಪಡೆಯಿತು.

ಉತ್ತರ 3: ಆ್ಯಂಟಿ ಡಂಪಿಂಗ್ ಸುಂಕ ಬಳಸುವವರೂ ಬದಲಾಗಿದ್ದಾರೆ. ಮೊದಲು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಯುರೋಪಿನ ಆಟ ಇದು. 1991ರ ಬಳಿಕ ಸಾಮಾನ್ಯ ಸುಂಕ ಇಳಿಸಿದ ಭಾರತ ಈ ಅಸ್ತ್ರ ಹಿಡಿದು ಮುಂಚೂಣಿಗೆ ಬಂತು. ಮುಂಬಾಗಿಲು ತೆರೆದವರು ಕಿಟಕಿಗೆ ಸರಳು ಹಾಕಿಕೊಂಡರು.