ನನ್ನ ಅಕೌಂಟಿನಲ್ಲಿ ನೆಟ್ ಬರುತ್ತದೆ, ಮಗಳ ಅಕೌಂಟಿನಲ್ಲಿ ಬರುವುದಿಲ್ಲ (ವಿಂಡೋಸ್ 10)

ತೋಟದಮನೆ:
ನಮ್ಮದು ತೀರ್ಥಹಳ್ಳಿ ಕಡೆ. ಫೈಬರ್ ಬಂದಿದೆ. ಗೋಡೆಯ ಒಎನ್‌ಟಿಯಿಂದ (ಫೈಬರ್ ಬಂದು ಸೇರುವ ಪೆಟ್ಟಿಗೆ) ಕೇಬಲ್ ನೇರ ಕಂಪ್ಯೂಟರಿಗೆ, ಮಧ್ಯೆ ರೂಟರ್ ಇಲ್ಲ. ಲೈನ್ ಎಳೆದ ಹುಡುಗ ನನ್ನ ಅಕೌಂಟಿನಲ್ಲಿ ‘ಬ್ರಾಡ್‌ಬ್ಯಾಂಡ್ ಕನೆಕ್ಷನ್’ ಅಂತ ಒಂದು ಮಾಡಿಟ್ಟು ಹೋದ. ಅದನ್ನು ಒತ್ತಿ ಕನೆಕ್ಟ್ ಕೊಟ್ಟರೆ ನೆಟ್ ಬರುತ್ತದೆ.

ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅವಳದು ಬೇರೆ ಅಕೌಂಟ್, ಅಡ್ಮಿನ್ ಅಲ್ಲ. ಅಲ್ಲಿ ಆ ಕನೆಕ್ಷನ್ ಕಾಣುವುದೇ ಇಲ್ಲ. ಆದರೆ ನಾನು ಕನೆಕ್ಟ್ ಮಾಡಿ, ಸೈನ್ ಔಟ್ ಆಗದೆ ‘ಸ್ವಿಚ್ ಯೂಸರ್’ ಕೊಟ್ಟರೆ ಅವಳಿಗೂ ಸಿಗುತ್ತದೆ! ಸೈನ್ ಔಟ್ ಆದರೆ ಹೋಯಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ನಾನೇ ಬಂದು ಲಾಗಿನ್ ಆಗಬೇಕು. ‘ಪಾಸ್‌ವರ್ಡ್ ಅವಳಿಗೇ ಕೊಟ್ಟುಬಿಡಿ’ ಅನ್ನುತ್ತಾರೆ ಮನೆಯಲ್ಲಿ. ಸೊಸೈಟಿಯ ಲೆಕ್ಕವೆಲ್ಲ ನನ್ನ ಅಕೌಂಟಿನಲ್ಲಿದೆ, ಕೊಡಲಾರೆ. ಹಾಗಂತ ಅವಳ ಓದು ನನಗಾಗಿ ಕಾಯುತ್ತ ಕೂರುವುದೂ ಸರಿಯಲ್ಲ.

ಕಾಫಿಗಿಡ:
ಅವಳ ಅಕೌಂಟಿನಲ್ಲಿ ಪ್ರಾಕ್ಸಿ (ಬ್ರೌಸರನ್ನು ಬೇರೊಂದು ಸರ್ವರ್ ಮೂಲಕ ನೆಟ್ಟಿಗೆ ಕಳಿಸುವ ಸೆಟ್ಟಿಂಗ್) ಆನ್ ಆಗಿದೆಯಾ ನೋಡಿ. ವಿಂಡೋಸಿನಲ್ಲಿ ಆ ಸೆಟ್ಟಿಂಗ್ ಅಕೌಂಟಿಗೊಂದು ಇರುತ್ತದೆ.

ಹಳೇಮೋಡೆಮ್:
ಪ್ರಾಕ್ಸಿ ಆಗಿದ್ದರೆ ಸ್ವಿಚ್ ಯೂಸರ್ ಕೊಟ್ಟಾಗಲೂ ಬ್ರೌಸರ್ ಕೆಲಸ ಮಾಡುತ್ತಿರಲಿಲ್ಲ. ನಿಮ್ಮ ಒಎನ್‌ಟಿ ಬ್ರಿಡ್ಜ್ ಮೋಡಿನಲ್ಲಿದೆ, ಅಂದರೆ ಲೈನನ್ನು ಹಾಗೇ ದಾಟಿಸುತ್ತದೆ, ತಾನು ಲಾಗಿನ್ ಆಗುವುದಿಲ್ಲ. ಪಿಪಿಪಿಒಇ ಡಯಲ್ ಮಾಡುವುದು, ಅಂದರೆ ಬ್ರಾಡ್‌ಬ್ಯಾಂಡಿನ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಆ ಕಡೆಯ ಸರ್ವರಿಗೆ ಲಾಗಿನ್ ಆಗುವುದು, ಕಂಪ್ಯೂಟರೇ. ಆ ಕನೆಕ್ಷನ್ ನಿಮ್ಮೊಬ್ಬರ ಹೆಸರಿಗೆ ಮಾತ್ರ ಆಗಿದೆ. ಖಚಿತವಾಗಬೇಕಾದರೆ ನೀವು ಸೈನ್ ಔಟ್ ಆಗಿ, ಅವಳ ಅಕೌಂಟಿನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ ಎಂಟರ್ ಕೊಡಿ. ಈಥರ್ನೆಟ್ ಎದುರು 169.254 ಅಂತ ಶುರುವಾಗುವ ವಿಳಾಸ ಬಂದರೆ ಇದೇ ಕಾರಣ: ಹೊರಗಿನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಇಟ್ಟುಕೊಂಡದ್ದು ಅದು.

ಹಳೆಯದನ್ನು ಅಳಿಸಿ, ನಿಮ್ಮ ಅಕೌಂಟಿನಿಂದಲೇ ಹೊಸದು ಮಾಡಿ: ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್, ಸೆಟ್ ಅಪ್ ಎ ನ್ಯೂ ಕನೆಕ್ಷನ್. ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಪುಟದ ಕೆಳಗಡೆ ‘ಅಲೋ ಅದರ್ ಪೀಪಲ್ ಟು ಯೂಸ್ ದಿಸ್ ಕನೆಕ್ಷನ್’ ಅಂತ ಒಂದು ಚೌಕ ಇದೆ, ಅದಕ್ಕೆ ಟಿಕ್ ಹಾಕಲೇಬೇಕು. ಅಳಿಸುವ ಮೊದಲು ಬ್ರಾಡ್‌ಬ್ಯಾಂಡಿನ ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆ ಹುಡುಗನಿಗೇ ಫೋನ್ ಮಾಡಬೇಕಾಗುತ್ತದೆ.

ತೋಟದಮನೆ:
169.254 ಅಂತಲೇ ಬಂತು. ಹೊಸದು ಮಾಡಿದೆ. ಈಗ ಅವಳ ಅಕೌಂಟಿನಲ್ಲೂ ಕನೆಕ್ಷನ್ ಕಾಣುತ್ತಿದೆ, ಆದರೆ ಕನೆಕ್ಟ್ ಕೊಟ್ಟರೆ ‘ಎರರ್ 691’.

ಹಳೇಮೋಡೆಮ್:
691 ಅಂದರೆ ಆ ಕಡೆಯ ಸರ್ವರ್ ಮಾತಾಡುತ್ತಿದೆ, ಯೂಸರ್‌ನೇಮ್ ಪಾಸ್‌ವರ್ಡ್ ಒಪ್ಪುತ್ತಿಲ್ಲ. ಲೈನ್ ಚೆನ್ನಾಗಿದೆ, ಗಾಬರಿ ಬೇಡ. ನಿಮ್ಮ ಅಕೌಂಟಿನಲ್ಲಿ ಡಯಲ್ ಮಾಡುವಾಗ ಪಾಸ್‌ವರ್ಡ್ ಸೇವ್ ಆಗುವುದು ‘ಮಿ ಓನ್ಲಿ’ಗೋ ‘ಎನಿವನ್ ಹೂ ಯೂಸಸ್ ದಿಸ್ ಕಂಪ್ಯೂಟರ್’ಗೋ ನೋಡಿ. ಎರಡನೆಯದು ಬೇಕು.

ತೋಟದಮನೆ:
‘ಮಿ ಓನ್ಲಿ’ ಅಂತಲೇ ಇತ್ತು. ಬದಲಾಯಿಸಿದ ಮೇಲೆ ಮಗಳೇ ಕನೆಕ್ಟ್ ಮಾಡಿಕೊಂಡಳು, ನನ್ನ ಅಕೌಂಟ್ ತೆರೆಯಲೇ ಇಲ್ಲ. ಬಹಳ ಉಪಕಾರವಾಯಿತು. ಮುಂದೆ ಮೊಬೈಲಿಗೂ ವೈಫೈ ಬೇಕಾಗುತ್ತದೆ, ಆಗ?

ಹಳೇಮೋಡೆಮ್:
ಆಗ ಒಂದು ರೂಟರ್ ತಂದು, ಅದರ ವ್ಯಾನ್ (WAN, ಹೊರಗಿನ ಲೈನಿನ) ಸೆಟ್ಟಿಂಗಿನಲ್ಲಿ ಪಿಪಿಪಿಒಇ ಆರಿಸಿ ಇದೇ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ. ನನ್ನನ್ನು ಕೇಳಿದರೆ ಈಗಲೇ ತನ್ನಿ: ಕರೆಂಟು ಬಂದ ಕೂಡಲೇ ಅದೇ ಡಯಲ್ ಮಾಡಿಕೊಳ್ಳುತ್ತದೆ, ಯಾರೂ ಏನೂ ಒತ್ತಬೇಕಿಲ್ಲ. ಕಂಪ್ಯೂಟರಿನ ಕನೆಕ್ಷನ್ ಮಾತ್ರ ಅಳಿಸಿಬಿಡಿ. ಒಂದು ಯೂಸರ್‌ನೇಮಿಗೆ ಒಂದೇ ಸೆಷನ್ ಬಿಡುವ ಕಡೆ ಎರಡೂ ಒಟ್ಟಿಗೆ ಡಯಲ್ ಮಾಡಿದರೆ ಒಂದು ನಿಲ್ಲುವುದಿಲ್ಲ.